ತಗೊಂಡೆ ಅಂದರೆ ತಿಂದೆ ಅಂತಲ್ಲ

ನನ್ನ ಸೋದರತ್ತೆಯ ಬಾಯಲ್ಲಿ ಹಗಲಿನ ಅರ್ಧ ಹೊತ್ತು ದಾರ ಇರುತ್ತದೆ. ಅವಳದು ಪಾರ್ಲರ್. ದೊಡ್ಡದೇನಲ್ಲ. ನಮ್ಮ ಕಟ್ಟಡದ ಕೆಳಗೆ ರಸ್ತೆಗೆ ಬಾಗಿಲಿರುವ ಒಂದು ಕೋಣೆ, ತಲೆ ಒರಗಿಸುವ ಜಾಗಕ್ಕೆ ಟೇಪು ಸುತ್ತಿದ ಒಂದು ಕುರ್ಚಿ, ಮೂಲೆಯಲ್ಲಿ ಕಪ್ಪು ಹಿಡಿದ ಒಂದು ಕನ್ನಡಿ. ಐಬ್ರೋ ಮಾಡುವಾಗ ಅವಳು ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಉಳಿದದ್ದನ್ನು ಬೆರಳುಗಳಿಗೆ ಸುತ್ತಿಕೊಂಡು, ಕುತ್ತಿಗೆಯನ್ನು ಹಿಂದೆ ಮುಂದೆ ಆಡಿಸುತ್ತಾಳೆ. ಆಗ ಮಾತಾಡಲು ಆಗುವುದಿಲ್ಲ. ಕುರ್ಚಿಯಲ್ಲಿ ಕೂತವರು ಗಂಡನ ಗೊರಕೆ, ಮಗಳ ಪರೀಕ್ಷೆ, ಪಕ್ಕದ ಮನೆಯ ನಾಯಿ ಎಲ್ಲವನ್ನೂ ಅವಳಿಗೆ ಒಪ್ಪಿಸುತ್ತಿರುತ್ತಾರೆ. ಅವಳಿಂದ ಬರುವುದು ಎರಡೇ ಉತ್ತರ. ಹೂಂ. ಊಹೂಂ.

ದಾರ ಬಾಯಿಂದ ಹೊರಗೆ ಬಂತೋ, ಆಮೇಲಿದೆ ಮಜಾ.

"ಆಂಟಿ, ಈ ಕ್ರೀಮ್ ಹಚ್ಚಿದ್ರೆ ಬೆಳ್ಳಗಾಗುತ್ತಾ?" ಎಂದು ಒಬ್ಬಳು ಮೊಬೈಲ್ ತೋರಿಸಿ ಕೇಳಿದಳು.

"ಗ್ಯಾರಂಟಿ ಆಗುತ್ತೆ," ಎಂದಳು ಅತ್ತೆ. "ನಿನ್ನ ದಿಂಬಿನ ಕವರ್."

ಹೀಗೆ. ಕೋಣೆಗೆ ಅವಳು ಹಾಕಿಸಿರುವ ಬಲ್ಬು ಎಷ್ಟು ಪ್ರಖರ ಅಂದರೆ ಒಳಗೆ ಬಂದವರು ಮೊದಲು ಕಣ್ಣು ಕಿರಿದು ಮಾಡುತ್ತಾರೆ. ಬೇರೆ ಪಾರ್ಲರ್‌ಗಳಲ್ಲಿ ಹಳದಿ ದೀಪ, ಮಂದ ಸಂಗೀತ, ಅದೂ ಇದೂ ಇರುತ್ತದಲ್ಲ, ನೀನೂ ಹಾಕಿಸು ಅಂತ ನಾನು ಒಮ್ಮೆ ಹೇಳಿದೆ. "ಮಬ್ಬು ಬೆಳಕಲ್ಲಿ ಎಲ್ಲರೂ ಸುಂದರಿಯರೇ ಕಣೇ. ಮನೆಗೆ ಹೋಗಿ ನೋಡ್ಕೊಂಡ್ಮೇಲೆ ನನಗೆ ಬೈತಾರೆ," ಎಂದಳು. ನನ್ನ ಮಾವ ಲಾರಿ ಓಡಿಸುತ್ತಾರೆ, ವಾರದ ಅರ್ಧದಷ್ಟು ದಿನ ಮನೆಯಲ್ಲಿರುವುದಿಲ್ಲ. ಬಂದ ದಿನ ಹೇಳುವುದು ಇದೊಂದೇ ಮಾತು: "ನಮ್ಮನೇಲಿ ಕನ್ನಡಿ ಯಾಕೆ ಬೇಕು? ಇವಳಿಲ್ವಾ."

ಜನ ಅವಳ ಹತ್ತಿರ ಬರುವುದೇ ಇದಕ್ಕೆ. ಅವಳಿಗಿಂತ ಚೆನ್ನಾಗಿ ಐಬ್ರೋ ಮಾಡುವವರು ಈ ರಸ್ತೆಯಲ್ಲೇ ಇದ್ದಾರೆ, ನಾನು ಸುಮ್ಮನೆ ಹೊಗಳುವುದಿಲ್ಲ. ಆದರೆ ಆ ಕುರ್ಚಿಯಲ್ಲಿ ಕೂತು "ಇದು ತಗೊಳ್ಳಲಾ, ಅದು ಹಚ್ಚಲಾ" ಅಂತ ಕೇಳಿದರೆ ಉತ್ತರ ನೇರ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಮೊದಲು ಹೋಟೆಲ್ಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಬೆಯ ನಡುವೆ ಬೆಂದವಳು, ಆಮೇಲೆ ಅಡುಗೆಮನೆಯ ಮೂಲೆಯಲ್ಲಿ ಸ್ಟೂಲ್ ಹಾಕಿ ಅಕ್ಕಪಕ್ಕದವರ ಹುಬ್ಬು ತಿದ್ದಿದವಳು, ಕೊನೆಗೆ ಈ ಕೋಣೆ ಹಿಡಿದವಳು. ಅವಳ ಹತ್ತಿರ ಮಾರುವುದಕ್ಕೆ ಇದ್ದದ್ದು ಒಂದು ಮಾತು ಮಾತ್ರ. ಆ ಮಾತನ್ನೇ ಕದ್ದರು. ಅದನ್ನೇ ನಾನು ಹೇಳಹೊರಟಿರುವುದು.

ಪೋಸ್ಟಮ್ಮನನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ಟಪಾಲು ಹಂಚುವವರು ಅವರು. ಲಿಫ್ಟಿಲ್ಲದ ಕಟ್ಟಡಗಳ ಮೆಟ್ಟಿಲು ಹತ್ತಿ ಇಳಿದು, ಮಧ್ಯಾಹ್ನ ಅತ್ತೆಯ ಕೋಣೆಗೆ ಬಂದು, ಚೀಲವನ್ನು ಧೊಪ್ಪೆಂದು ಇಳಿಸಿ, ಬೂಟು ಬಿಚ್ಚಿ, ಫ್ಯಾನಿನ ಕೆಳಗೆ ಕಾಲು ಚಾಚುತ್ತಿದ್ದರು. ಅತ್ತೆಗೂ ಅವರಿಗೂ ಹಳೆಯ ಸ್ನೇಹ. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳದೆ ಟೀ ಕುಡಿದದ್ದು ನಾನು ನೋಡಿಲ್ಲ. ಒಂದು ವರ್ಷದಿಂದ ಅವರ ಬಲ ಮಂಡಿ ಊದಿಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟಿದ್ದರು. ಮಲಗಿ ಕಾಲು ನೇರ ಮಾಡಿ ಎತ್ತಬೇಕು, ಇಳಿಸಬೇಕು, ಮತ್ತೆ ಎತ್ತಬೇಕು. ನೋಯುತ್ತದೆ, ಬೇಜಾರಾಗುತ್ತದೆ, ಮನೆಯಲ್ಲಿ ಕಾಲು ಹಿಡಿದು ಸಹಾಯ ಮಾಡುವವರೂ ಇಲ್ಲ, ಆದರೂ ಮಾಡುತ್ತಿದ್ದರು. ಮಂಡಿ ನೆಟ್ಟಗಾಗದಿದ್ದರೆ ಓಡಾಟದ ಕೆಲಸ ಬಿಡಿಸಿ ಆಫೀಸಿನೊಳಗೆ ಕೂರಿಸುತ್ತೇವೆ ಎಂದು ಮೇಲಿನವರು ಹೇಳಿದ್ದರು.

"ಕೂತ್ರೆ ನಾನು ಸತ್ತೆ," ಎನ್ನುತ್ತಿದ್ದರು ಪೋಸ್ಟಮ್ಮ. "ನಾಲ್ಕು ಮನೆ ಬಾಗ್ಲು ತಟ್ಟಿ, ನಾಲ್ಕು ಮುಖ ನೋಡಿದ್ರೇನೇ ನನಗೆ ಅನ್ನ ಇಳಿಯೋದು."

"ನಾಲ್ಕು ಮನೆ ಸುದ್ದಿ ಕೇಳಿದ್ರೆ ಅನ್ನು," ಎಂದು ಅತ್ತೆ ತಿದ್ದುತ್ತಿದ್ದಳು.

ಹೀಗಿರುವಾಗ ನಗುಮೊಗ ಬಂದ. ಅತ್ತೆಯೇ ಇಟ್ಟ ಹೆಸರು. ಇಸ್ತ್ರಿ ಶರ್ಟು, ಕತ್ತಿನಲ್ಲಿ ಕಂಪನಿಯ ಗುರುತಿನ ಚೀಟಿ, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಯಾವಾಗಲೂ ಎತ್ತಿ ಹಿಡಿದ ಫೋನು. ಒಳಗೆ ಬರುವ ಮೊದಲೇ ಅವನ ಹಲ್ಲು ಒಳಗೆ ಬಂದಿತ್ತು. ಬ್ಯಾಗಿನಿಂದ ಬಿಳಿ ಡಬ್ಬಿ ತೆಗೆದು ಕನ್ನಡಿಯ ಮುಂದೆ ಇಟ್ಟ.

"ಅಕ್ಕ, ಇದು ಕೊಲಾಜೆನ್. ವಯಸ್ಸಾದ ಹಾಗೆ ಚರ್ಮದಲ್ಲಿ ಇದು ಕಮ್ಮಿ ಆಗುತ್ತೆ. ದಿನಾ ಒಂದು ಚಮಚ. ಚರ್ಮ, ಕೂದಲು, ಉಗುರು, ಮೂಳೆ ಸಂದಿ, ಎಲ್ಲಾದಕ್ಕೂ."

"ಮಕ್ಕಳ ಹೋಮ್‌ವರ್ಕ್‌ಗೆ?" ಎಂದಳು ಅತ್ತೆ.

ಅವನು ಅದಕ್ಕೂ ನಕ್ಕ. ಅತ್ತೆ ಡಬ್ಬಿ ತಿರುಗಿಸಿ, ಬಲ್ಬಿನ ಕೆಳಗೆ ಹಿಡಿದು, ಹಿಂಬದಿಯ ಅಕ್ಷರ ಓದಿದಳು. "ಇದು ಮೀನಿನ ಚರ್ಮದಿಂದ ಮಾಡಿದ್ದು ಅಂತಿದೆ."

"ಹೌದಕ್ಕ, ಸಮುದ್ರದ ಮೀನು. ಪ್ಯೂರ್."

"ಮೀನಿನ ಚರ್ಮ ತಿಂದ್ರೆ ಅದು ನೇರ ಬಂದು ನನ್ನ ಕೆನ್ನೇಲಿ ಕೂತ್ಕೊಳ್ಳುತ್ತಾ? ಹಾಗಾದ್ರೆ ಇಷ್ಟು ವರ್ಷ ಕೋಳಿ ರೆಕ್ಕೆ ತಿಂದ ನನ್ನ ಗಂಡ ಹಾರ್‍ಬೇಕಿತ್ತಲ್ಲಪ್ಪ. ಅವನಿಗೆ ಲಾರಿ ಯಾಕೆ?"

ಕುರ್ಚಿಯಲ್ಲಿ ಒಂದು ಹುಬ್ಬು ಮುಗಿದು ಇನ್ನೊಂದು ಬಾಕಿ ಇದ್ದವಳು ಬಿದ್ದು ಬಿದ್ದು ನಕ್ಕಳು. ನಗುಮೊಗನಿಗೆ ಇದೆಲ್ಲ ಅಭ್ಯಾಸ. "ಸಾಬೀತಾಗಿದೆ ಅಕ್ಕ" ಅಂದ. ಯಾರು ಸಾಬೀತು ಮಾಡಿದ್ದು ಎಂದಳು. ವಿಜ್ಞಾನಿಗಳು ಅಂದ. ಯಾವ ಊರಿನವರು ಎಂದಳು. ವಿದೇಶದವರು ಅಂದ. ಆ ಡಬ್ಬಿಯ ಅಡಿಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಎರಡು ವಾಕ್ಯ ಇದ್ದವು. ಒಂದು, ಇದು ಔಷಧಿಯಲ್ಲ. ಇನ್ನೊಂದು, ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು. ಅತ್ತೆ ಅದನ್ನು ಗಟ್ಟಿಯಾಗಿ ಓದಿ, "ನಾನೂ ಹೀಗೇ ಬರೆದು ಹಾಕ್ಲಾ? ಒಬ್ಬರಿಗೆ ಎರಡು ಹುಬ್ಬು, ಇನ್ನೊಬ್ಬರಿಗೆ ಒಂದೇ, ಬದಲಾಗಬಹುದು ಅಂತ?" ಎಂದಳು.

ಆದರೂ ಅವನು ಹೋಗಲಿಲ್ಲ. "ಮಾರೋದು ಬೇಡ ಅಕ್ಕ, ಸ್ಯಾಂಪಲ್ ತಗೊಳ್ಳಿ. ನೀವು ತಗೊಂಡ್ರೆ ನನಗೆ ಖುಷಿ. ನಿಮ್ಮ ತಮ್ಮ ಅಂದ್ಕೊಳ್ಳಿ." ಅರ್ಧ ಹುಬ್ಬಿನವಳು ಕಾಯುತ್ತಿದ್ದಳು. ಅತ್ತೆ ಡಬ್ಬಿ ತೆಗೆದು ಮೇಲಿನ ಶೆಲ್ಫಿಗೆ ನೂಕಿ, ದಾರ ಬಾಯಿಗೆ ಇಟ್ಟುಕೊಂಡಳು. ಕಾಟ ತಪ್ಪಿತು ಅಂದುಕೊಂಡಳು.

ಮುಂದಿನ ವಾರ ಮತ್ತೆ ಬಂದ. ಆಗ ಕುರ್ಚಿಯಲ್ಲಿ ಕಾಲೇಜಿನ ಹುಡುಗಿಯೊಬ್ಬಳಿದ್ದಳು, ಅಪ್ಪರ್ ಲಿಪ್, ಅಂದರೆ ಮೇಲ್ದುಟಿಯ ಕೂದಲು ತೆಗೆಯುವುದು, ನಡೆಯುತ್ತಿತ್ತು. ನಾನು ಸ್ಟೂಲಿನ ಮೇಲೆ ಕೂತು ಓದಿಕೊಳ್ಳುತ್ತಿದ್ದೆ, ಅಂದರೆ ಓದುವ ಹಾಗೆ ಕೂತಿದ್ದೆ. ನಗುಮೊಗ ಬಾಗಿಲಲ್ಲೇ ನಿಂತು ಫೋನು ಎತ್ತಿ ಹಿಡಿದು ಕೇಳಿದ.

"ಅಕ್ಕ, ನಮ್ಮ ಡಬ್ಬಿ ತಗೊಂಡ್ರಿ ತಾನೇ?"

"ಹೂಂ," ಎಂದಿತು ದಾರ.

"ಬಾಯ್ತುಂಬ ಹೇಳಿ ಅಕ್ಕ."

ಅತ್ತೆ ದಾರ ಉಗಿದಳು. "ತಗೊಂಡೆ ಕಣಪ್ಪ, ತಗೊಂಡೆ! ಬೆಳಕಿಗೆ ಅಡ್ಡ ನಿಲ್ಬೇಡ." ಮತ್ತೆ ಹುಡುಗಿಯ ಕೈಗೆ ಕನ್ನಡಿ ಕೊಟ್ಟು, ತುಟಿಯ ಮೇಲೆ ಬೆರಳಾಡಿಸಿ, "ನೋಡು, ಎಷ್ಟು ನುಣ್ಣಗಾಗಿದೆ! ಮುಟ್ಟಿ ನೋಡ್ಕೋ," ಎಂದಳು.

ನಗುಮೊಗ "ಥ್ಯಾಂಕ್ಸ್ ಅಕ್ಕ" ಅಂತ ಹೇಳಿ ಹೋದ. ಇಷ್ಟೇ ನಡೆದದ್ದು. ನಾನು ನನ್ನ ಈ ಎರಡು ಕಣ್ಣಿಂದ ನೋಡಿದ್ದು ಇಷ್ಟೇ.

ಒಂದೆರಡು ತಿಂಗಳಲ್ಲಿ ಜನ ಅತ್ತೆಯನ್ನು ವಿಚಿತ್ರವಾಗಿ ನೋಡತೊಡಗಿದರು. ತರಕಾರಿ ಮಾರುವವಳು, "ಏನ್ ಮೇಡಂ, ಮುಖದಲ್ಲಿ ಕಳೆ ಬಂದ್ಬಿಟ್ಟಿದೆ," ಎಂದಳು. ಅತ್ತೆ ಖುಷಿಪಡಲಿಲ್ಲ, ಅನುಮಾನಪಟ್ಟಳು. "ಎರಡು ದಿನದಿಂದ ನಿದ್ದೆ ಇಲ್ಲ, ಎಲ್ಲಿಂದ ಬಂತು ಕಳೆ?" ಕೊನೆಗೆ ಎದುರಿನ ಮೆಡಿಕಲ್ ಅಂಗಡಿಯವರು ರಸ್ತೆಯ ಆಚೆಯಿಂದಲೇ ಕೂಗಿದರು: "ಮೇಡಂ, ನಿಮ್ಮ ಡಬ್ಬಿ ಎಲ್ಲಾ ಖಾಲಿ! ಇನ್ನೂ ತರಿಸಿದ್ದೀನಿ!"

"ನನ್ನ ಡಬ್ಬಿನಾ? ಯಾವ ಡಬ್ಬಿ?"

ಆಗ ನಾನು ಫೋನು ತೆಗೆದು ಹುಡುಕಿದೆ. ಹೆಚ್ಚು ಹುಡುಕಬೇಕಾಗಲೂ ಇಲ್ಲ, ಅದೇ ಬಂದು ಕಣ್ಣಿಗೆ ಬಿತ್ತು. ಕೊಳಲಿನ ಸಂಗೀತ. ಹೂವಿನ ಚಿತ್ರ. ಆಮೇಲೆ ನಮ್ಮ ಅತ್ತೆ. ಮುಖಕ್ಕೆ ಏನು ಬಳಿದಿದ್ದರೋ, ಹಾಲಿನ ಕೆನೆಯ ಹಾಗೆ ಆಗಿತ್ತು, ಒಂದು ಗೆರೆ ಇಲ್ಲ. "ತಗೊಂಡೆ ಕಣಪ್ಪ, ತಗೊಂಡೆ!" ಎನ್ನುತ್ತಾಳೆ. ಡಬ್ಬಿ ಗಿರಗಿರ ತಿರುಗುತ್ತದೆ. ಮತ್ತೆ ಅತ್ತೆ: "ನೋಡು, ಎಷ್ಟು ನುಣ್ಣಗಾಗಿದೆ! ಮುಟ್ಟಿ ನೋಡ್ಕೋ." ಕೆಳಗೆ ದಪ್ಪ ಅಕ್ಷರ: ಅನುಭವಿ ಬ್ಯೂಟಿಷಿಯನ್ ದಿನವೂ ತೆಗೆದುಕೊಳ್ಳುವುದು ಇದನ್ನೇ!

ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಅವಳು ಕೇಳಿದ ಮೊದಲ ಪ್ರಶ್ನೆ, "ನನ್ನ ಮಚ್ಚೆ ಎಲ್ಲಿ?"

ಹೌದು, ಎಡ ಕೆನ್ನೆಯ ಮಚ್ಚೆಯನ್ನೂ ಅಳಿಸಿದ್ದರು.

ಎರಡನೇ ಸಲ ನೋಡಿದಾಗ ಅವಳಿಗೆ ಅರ್ಥವಾಯಿತು. ಶೆಲ್ಫಿನಿಂದ ಡಬ್ಬಿ ಇಳಿಸಿ ನನ್ನ ಮುಂದೆ ಹಿಡಿದಳು. ಮುಚ್ಚಳದ ಮೇಲಿನ ಪ್ಲಾಸ್ಟಿಕ್ಕನ್ನೂ ಹರಿದಿರಲಿಲ್ಲ. "ತಗೊಂಡೆ ಅಂದ್ರೆ ಅವನು ಕೊಟ್ಟಿದ್ದನ್ನ ತಗೊಂಡೆ. ತಿಂದೆ ಅಂದ್ನಾ? ಕುಡಿದೆ ಅಂದ್ನಾ?"

ನೀವೇ ಹೇಳಿ. ನಮ್ಮ ಭಾಷೆಯಲ್ಲಿ ಸೀರೆಯನ್ನೂ ತಗೊಳ್ಳುತ್ತೇವೆ, ಮಾತ್ರೆಯನ್ನೂ ತಗೊಳ್ಳುತ್ತೇವೆ, ರಜೆಯನ್ನೂ ತಗೊಳ್ಳುತ್ತೇವೆ. ಆ ಸಂದಿಯಲ್ಲಿ ಕೈ ತೂರಿಸಿ ಒಬ್ಬ ಹೆಂಗಸಿನ ಮಾನ ಎಳೆದುಕೊಂಡು ಹೋದರಲ್ಲ! ಅವರ ಡಬ್ಬಿಯೂ ಹಾಗೇ, ಸಂದಿಯಲ್ಲಿ ಬದುಕುವ ಪ್ರಾಣಿ. ಔಷಧಿ ಅಂದರೆ ಪರೀಕ್ಷೆ ಮಾಡಿದ್ದೀರಾ ಅಂತ ಯಾರಾದರೂ ಕೇಳುತ್ತಾರೆ. ಊಟ ಅಂದರೆ ಉಪ್ಪು ಖಾರ ಸರಿಯಿದೆಯಾ ಅಂತ ನಾಲಿಗೆ ಕೇಳುತ್ತದೆ. ಇದು ಔಷಧಿಯೂ ಅಲ್ಲ, ಊಟವೂ ಅಲ್ಲ. ಯಾರು ಕೇಳಬೇಕು?

ನಗುಮೊಗ ಬಿಟ್ಟುಹೋಗಿದ್ದ ನಂಬರಿಗೆ ಅತ್ತೆ ಫೋನು ಮಾಡಿದಳು. ನಾನು ಸ್ಪೀಕರ್ ಹಾಕಿದೆ.

"ಅಕ್ಕಾ! ನೀವು ಫೇಮಸ್ ಆಗ್ಬಿಟ್ರಿ!"

"ಅದನ್ನ ತೆಗಿ."

"ಯಾಕಕ್ಕ? ಪದ ಎಲ್ಲಾ ನಿಮ್ದೇ. ನಾವು ಒಂದು ಅಕ್ಷರ ಸೇರಿಸಿಲ್ಲ."

"ಸೇರಿಸಿಲ್ಲ, ಬಿಟ್ಟಿದ್ದೀಯ. ನಾನು ಆ ಹುಡುಗಿ ತುಟಿಗೆ ಹೇಳಿದ್ದು. ನಿನ್ನ ಡಬ್ಬಿ ನಾನು ತೆಗೆದೂ ನೋಡಿಲ್ಲ."

"ತೆಗೆದು ನೋಡಿ ಅಕ್ಕ, ಚೆನ್ನಾಗಿರುತ್ತೆ," ಎಂದ ಪುಣ್ಯಾತ್ಮ. ಅದಲ್ಲದೆ ಕಂಪನಿ ಅವಳಿಗೆ ಹೊಸ ಕನ್ನಡಿ ಕೊಡುತ್ತದಂತೆ, ಗೋಡೆಯಗಲದ್ದು, ಸುತ್ತ ದೀಪ ಇರುವಂಥದ್ದು, ಮೇಲೆ ಕಂಪನಿಯ ಹೆಸರು. ಅತ್ತೆ ಏನು ಬೈದಳು ಅನ್ನುವುದನ್ನು ನಾನು ಇಲ್ಲಿ ಹೇಳುವುದಿಲ್ಲ. ಹೋಟೆಲ್ಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕಲಿತದ್ದೆಲ್ಲ ಆವತ್ತು ಉಪಯೋಗಕ್ಕೆ ಬಂತು.

ಅಷ್ಟರವರೆಗೂ ಇದು ಸಿಟ್ಟಿನ ವಿಷಯ ಮಾತ್ರ ಆಗಿತ್ತು. ಮರುದಿನ ಪೋಸ್ಟಮ್ಮ ಬಂದರು.

ಬಹಳ ದಿನದಿಂದ ಅವರು ಬಂದಿರಲಿಲ್ಲ. ಹಂಚುವುದು ಜಾಸ್ತಿ ಇರಬೇಕು ಎಂದು ನಾವು ಅಂದುಕೊಂಡಿದ್ದೆವು. ಬಾಗಿಲು ಹಿಡಿದು ಒಳಗೆ ಬಂದರು. ಚೀಲ ಇರಲಿಲ್ಲ. ಬಲಗಾಲು ಮಡಚುತ್ತಲೇ ಇರಲಿಲ್ಲ, ಕೋಲಿನ ಹಾಗೆ ಎಳೆದುಕೊಂಡು ಬಂದರು. ಕೂರಲಿಲ್ಲ.

"ಏನೇ ಇದು ಕಾಲು!" ಎಂದಳು ಅತ್ತೆ.

"ನಾನೂ ತಗೊಂಡೆ," ಎಂದರು ಪೋಸ್ಟಮ್ಮ.

"ಏನನ್ನ?"

"ನೀನು ತಗೊಂಡಿದ್ದನ್ನೇ. ಮೂಳೆ ಸಂದಿಗೆ ಒಳ್ಳೇದು ಅಂತ ಅದರಲ್ಲಿ ಬರೆದಿತ್ತು. ಬರೆದಿದ್ದನ್ನ ನಾನು ನಂಬಲ್ಲ, ದಿನಾ ಎಷ್ಟು ಕಾಗದ ಹಂಚ್ತೀನಿ, ನನಗೆ ಗೊತ್ತಿಲ್ವಾ ಕಾಗದದ ಬೆಲೆ. ನೀನು ಹೇಳಿದೆ ಅಂತ ನಂಬಿದೆ. ಡಬ್ಬಿ ಮೇಲೆ ಡಬ್ಬಿ ಕುಡಿದೆ. ವ್ಯಾಯಾಮ ಬಿಟ್ಟೆ. ಇದೇ ಇದೆಯಲ್ಲ, ಆ ನೋವು ಯಾಕೆ ತಿನ್ಬೇಕು ಅಂತ ಬಿಟ್ಟೆ."

"ನಾನು ತಿಂದೇ ಇಲ್ಲ ಕಣೇ! ಇಲ್ನೋಡು, ಡಬ್ಬಿ!" ಅತ್ತೆ ಡಬ್ಬಿ ತೋರಿಸಿದಳು. ಪ್ಲಾಸ್ಟಿಕ್ಕು ತೋರಿಸಿದಳು. ತಗೊಂಡೆ ಅನ್ನುವುದಕ್ಕೆ ಎಷ್ಟು ಅರ್ಥ ಇದೆ ಅಂತ ಬಿಡಿಸಿ ಹೇಳಿದಳು. ತುಟಿ, ಹುಡುಗಿ, ಬೆಳಕಿಗೆ ಅಡ್ಡ ನಿಂತದ್ದು, ಎಲ್ಲ ಹೇಳಿದಳು. ನಾನೂ ನಡುನಡುವೆ "ಹೌದು ಆಂಟಿ, ನಾನೇ ನೋಡಿದ್ದೀನಿ" ಅಂತ ಸಾಕ್ಷಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಕಟ್ಟುಕಥೆಯ ಹಾಗೆ ಕೇಳಿಸಿತು. ಸತ್ಯಕ್ಕೆ ಇಷ್ಟೊಂದು ವಿವರಣೆ ಬೇಕಾದರೆ ಯಾರು ನಂಬುತ್ತಾರೆ?

ಪೋಸ್ಟಮ್ಮ ಪೂರ್ತಿ ಕೇಳಿಸಿಕೊಂಡರು. "ವಿಡಿಯೋದಲ್ಲಿ ಇರೋದು ನೀನೇ ಅಲ್ವಾ?"

"ನಾನೇ. ಆದ್ರೆ..."

"ಧ್ವನಿ?"

"ನಂದೇ. ಆದ್ರೆ..."

"ಮೆಟ್ಟಿಲ ಮೇಲೆ ಕೂತು ಅತ್ತಿದ್ದೀನಿ ಕಣೇ. ಮೂರನೇ ಮಹಡಿ ಮುದುಕಪ್ಪ ಅವರ ಕಾಗದಾನ ಅವರೇ ಕೆಳಗೆ ಇಳಿದು ಬಂದು ತಗೊಂಡು ಹೋದ್ರು. ನಾಳೆಯಿಂದ ನನ್ನ ಒಳಗೆ ಕೂರಿಸ್ತಾರೆ." ಬಾಗಿಲ ಹತ್ತಿರ ಹೋಗಿ ತಿರುಗಿದರು. "ಇನ್ಮೇಲೆ ನೀನು ಬಿಸಿಲಿದೆ ಅಂದ್ರೂ ನಾನು ಕಿಟಕಿ ತೆಗೆದು ನೋಡೇ ನಂಬೋದು."

ಆವತ್ತು ಅತ್ತೆ ಅಂಗಡಿ ಮುಚ್ಚಿದಳು. ಕುರ್ಚಿಯಲ್ಲಿ ತಾನೇ ಕೂತಳು. ನನಗೆ ನೆನಪಿರುವ ಮಟ್ಟಿಗೆ ಅವಳು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಆ ಶನಿವಾರ ದೊಡ್ಡ ಅಂಗಡಿ ಸಂಕೀರ್ಣದ ನೆಲಮಹಡಿಯಲ್ಲಿ ಅದೇ ಕಂಪನಿಯ ಪ್ರಚಾರದ ಮಳಿಗೆ. ಮೆಡಿಕಲ್ ಅಂಗಡಿಯವರೇ ಹೇಳಿದರು. ಅತ್ತೆ ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಂಡಳು, ನಾನು ಜೊತೆಗೆ ಹೋದೆ. ಎಸ್ಕಲೇಟರ್ ಪಕ್ಕದಲ್ಲಿ ಸಣ್ಣ ವೇದಿಕೆ, ಬಲೂನು, ಮೇಜಿನ ಮೇಲೆ ಡಬ್ಬಿಗಳ ಗೋಪುರ. ಬರೀ ಚರ್ಮದ ಡಬ್ಬಿ ಅಲ್ಲ. ಕೂದಲಿಗೆ ಮಿಠಾಯಿ, ನಿದ್ದೆಗೆ ಮಾತ್ರೆ, ನೆನಪಿನ ಶಕ್ತಿಗೆ ಪುಡಿ. ಮನುಷ್ಯನಿಗೆ ಏನೇನು ಭಯ ಇದೆಯೋ ಒಂದೊಂದಕ್ಕೂ ಒಂದೊಂದು ಮುಚ್ಚಳ. ಹಿಂದೆ ಆಳೆತ್ತರದ ಪರದೆ, ಅದರಲ್ಲಿ ಮಚ್ಚೆ ಇಲ್ಲದ ನಮ್ಮ ಅತ್ತೆ, "ಮುಟ್ಟಿ ನೋಡ್ಕೋ, ಮುಟ್ಟಿ ನೋಡ್ಕೋ."

ನಗುಮೊಗ ಮೈಕು ಹಿಡಿದಿದ್ದ. ಅತ್ತೆಯನ್ನು ನೋಡಿ ಒಂದು ಕ್ಷಣ ಬೆಚ್ಚಿದ, ಆದರೆ ಕಿಲಾಡಿ. "ನೋಡಿ, ಸಾಕ್ಷಾತ್ ಅಕ್ಕನೇ ಬಂದ್ರು! ಚಪ್ಪಾಳೆ!" ಜನ ಚಪ್ಪಾಳೆ ಹೊಡೆದರು. ಅತ್ತೆ ವೇದಿಕೆ ಹತ್ತಿದಳು, ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ತಮ್ಮಾ, ಇದನ್ನ ನೀನು ತಗೋತೀಯಾ?"

"ದಿನಾ ತಗೋತೀನಿ ಅಕ್ಕ!"

"ನಾನು ಕೇಳಿದ್ದು ಅದಲ್ಲ. ಕುಡೀತೀಯಾ?"

ಅವನು ಹಲ್ಲು ಬಿಟ್ಟ. ಉತ್ತರ ಬಿಡಲಿಲ್ಲ. ಅತ್ತೆ ಡಬ್ಬಿ ಎತ್ತಿ ಜನರಿಗೆ ತೋರಿಸಿದಳು. "ಪರದೇಲಿರೋಳು ನಾನೇ. ಇದು ಅವನು ನನಗೆ ಕೊಟ್ಟಿದ್ದು. ಇನ್ನೂ ತೆಗೆದಿಲ್ಲ, ನೋಡಿ. ನನ್ನ ಬಾಯಿಂದ ಒಂದು ಮಾತು ತಗೊಂಡು ಇನ್ನೊಂದು ಅರ್ಥಕ್ಕೆ ಮಾರ್ತಿದ್ದಾರೆ. ಈಗ ನಿಮ್ಮ ಮುಂದೇನೇ ತೆಗೀತೀನಿ." ಚರಕ್ಕೆಂದು ಪ್ಲಾಸ್ಟಿಕ್ಕು ಹರಿದಳು. ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಒಂದು ಚಮಚ ಸುರಿದು, ಗಲಗಲ ತಿರುಗಿಸಿ, ಅವನ ಮುಂದೆ ಹಿಡಿದಳು. "ಕುಡಿ. ನಿಮ್ಮ ತಮ್ಮ ಅಂದ್ಕೊಳ್ಳಿ ಅಂದಿದ್ದೆ ಅಲ್ವಾ, ಅಕ್ಕನ ಕೈಯಿಂದ ಕುಡಿ."

"ಅಕ್ಕ, ಅದು... ನನಗೆ ಮೀನು ಆಗಲ್ಲ. ಮೈಯೆಲ್ಲಾ ಗಂಧೆ ಏಳುತ್ತೆ."

ಎಸ್ಕಲೇಟರ್ ಮೇಲಿದ್ದವರೂ ನಕ್ಕರು. ನಾನಂತೂ ಶಿಳ್ಳೆ ಹೊಡೆದೆ. ಅಷ್ಟರಲ್ಲಿ ಯಾರೋ ಮೈಕು ಆಫ್ ಮಾಡಿದರು, ಸಂಗೀತ ಜೋರು ಮಾಡಿದರು, ಇಬ್ಬರು ಕಾವಲಿನವರು ಬಂದು "ಮೇಡಂ, ದಯವಿಟ್ಟು" ಎಂದು ನಮ್ಮನ್ನು ಬಾಗಿಲ ಕಡೆಗೆ ನಡೆಸಿದರು. ಅತ್ತೆ ಕೂಗುತ್ತಲೇ ಇದ್ದಳು, ಕೊಳಲಿನ ಸಂಗೀತದಲ್ಲಿ ಏನೂ ಕೇಳಿಸಲಿಲ್ಲ.

ಗೆದ್ದೆವು ಅಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ. ಕೆಲವರು ಸಾಲು ಬಿಟ್ಟು ಹೋದರು, ನಿಜ. ಉಳಿದವರು ನಿಂತೇ ಇದ್ದರು. ಬಾಗಿಲ ಹತ್ತಿರ ಒಬ್ಬ ಹೆಂಗಸು, ಒಳ್ಳೆಯ ಕನ್ನಡಕ, ಒಳ್ಳೆಯ ಚಪ್ಪಲಿ, ಅತ್ತೆಗೆ ಮೆತ್ತಗೆ ಹೇಳಿದಳು: "ನಿಮಗೂ ಅವರಿಗೂ ಕಮಿಷನ್ ಜಗಳ ಇರಬೇಕು. ಅದನ್ನ ಒಳಗೇ ಮುಗಿಸ್ಕೋಬೇಕಿತ್ತು."

ನನಗೆ ಮೈಯೆಲ್ಲ ಉರಿದು ಹೋಯಿತು. ಅವರು ಸುಳ್ಳು ಹೇಳಿ ಹಣ ಮಾಡಿದ್ದು ಹಾಗಿರಲಿ. ಸತ್ಯ ಹೇಳುವವರನ್ನೂ ಯಾರೂ ನಂಬದ ಹಾಗೆ ಮಾಡಿದರಲ್ಲ, ಅದಕ್ಕೆ ಯಾವ ಅಂಗಡಿಯಲ್ಲಿ ಯಾವ ಡಬ್ಬಿ ಸಿಗುತ್ತದೆ? ಜನರದೇನು ತಪ್ಪು. ಎಲ್ಲರೂ ಒಮ್ಮೆಯಾದರೂ ಕಿವಿಗೆ ಹೂವು ಇಡಿಸಿಕೊಂಡವರೇ. ಈಗ ನಿಜವಾಗಿ ಒಬ್ಬಳು ಬಂದು "ಬೇಡ" ಎಂದರೆ, ಇವಳ ಲಾಭ ಯಾವುದರಲ್ಲಿದೆ ಅಂತ ಹುಡುಕುತ್ತಾರೆ.

ಆ ವಿಡಿಯೋ ಮೇಲೆ ಫೋನಿನಲ್ಲೇ ನಾನು ದೂರು ಕೊಟ್ಟೆ, ಗೆಳತಿಯರಿಂದಲೂ ಕೊಡಿಸಿದೆ. ವಿಡಿಯೋ ಹೋಯಿತು. ಹದಿನೈದು ದಿನಕ್ಕೆ ಬೇರೆ ಹೆಸರಿನಲ್ಲಿ ಬಂತು. ಈ ಸಲ ಅತ್ತೆಯ ಮುಖ ಇತ್ತು, ಧ್ವನಿ ಬೇರೆ ಯಾರದೋ. ಆ ಧ್ವನಿ ಸ್ಪಷ್ಟವಾಗಿ "ಕುಡಿದೆ" ಎನ್ನುತ್ತಿತ್ತು! ನಾವೇ ಕಲಿಸಿಕೊಟ್ಟ ಹಾಗಾಯಿತು. ಅದಕ್ಕೂ ದೂರು ಕೊಟ್ಟಿದ್ದೇನೆ.

ಪಾರ್ಲರಿಗೆ ಜನ ಬರುವುದು ನಿಲ್ಲಲಿಲ್ಲ. ಆದರೆ ಕುರ್ಚಿಯಲ್ಲಿ ಕೂತವರು ಈಗ ಪ್ರಶ್ನೆ ಕೇಳುವುದಿಲ್ಲ. ಹುಬ್ಬು ಮಾಡಿಸಿಕೊಂಡು ಹೋಗುತ್ತಾರೆ, ಅಷ್ಟೆ. ಒಂದು ದಿನ ಯಾರೋ ಹೊಸಬಳು ಏನೋ ಎಣ್ಣೆಯ ಬಗ್ಗೆ ಕೇಳಿದಳು. ಅತ್ತೆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನನಗೆ ಗೊತ್ತಿಲ್ಲಮ್ಮ," ಎಂದಳು. ಅವಳಿಗೆ ಗೊತ್ತಿತ್ತು. ನನಗೇ ಗೊತ್ತಿತ್ತು ಆ ಎಣ್ಣೆ ಎಂಥದ್ದು ಅಂತ.

ಆವತ್ತೇ ಅವಳು ಅಂಚೆ ಕಚೇರಿಗೆ ಹೊರಟಳು. ನನ್ನನ್ನೂ ಕರೆದಳು. ಪೋಸ್ಟಮ್ಮ ಪಾರ್ಸೆಲ್ ಕೌಂಟರಿನಲ್ಲಿ ಗಾಜಿನ ಹಿಂದೆ ಕೂತಿದ್ದರು, ಬಲಗಾಲನ್ನು ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟುಕೊಂಡು. ಅತ್ತೆ ಸಾಲಿನಲ್ಲಿ ನಿಂತಳು. ಸರದಿ ಬಂತು.

"ಏನು ಕಳಿಸ್ಬೇಕಿತ್ತು ಮೇಡಂ?" ಎಂದರು ಪೋಸ್ಟಮ್ಮ, ಗುರುತೇ ಇಲ್ಲದ ಹಾಗೆ.

"ಏನೂ ಇಲ್ಲ. ನಿನ್ನ ಮಂಡಿ ಹೇಗಿದೆ ಅಂತ ಕೇಳೋಕೆ ಬಂದೆ."

"ಮಂಡಿ ಪಾರ್ಸೆಲ್ ಮಾಡಲ್ಲ. ಮುಂದಿನವರು ಬನ್ನಿ."

ಅತ್ತೆ ಕದಲಲಿಲ್ಲ. ಹಿಂದಿದ್ದವರು ಗೊಣಗಿದರು. "ವ್ಯಾಯಾಮ ಮಾಡ್ತಿದ್ದೀಯಾ?"

"ಯಾರ ಮಾತು ಕೇಳ್ಕೊಂಡು ಮಾಡ್ಲಿ?"

"ನನ್ನ ಮಾತಲ್ಲ. ಆಸ್ಪತ್ರೆಯವರ ಮಾತು."

"ಆಸ್ಪತ್ರೆಯವರ ಮಾತನ್ನ ಬಿಡಿಸಿದ್ದು ಯಾರ ಮಾತು?"

ನನಗೆ ಬಾಯಿ ತುಂಬ ಮಾತಿತ್ತು. ನಗುಮೊಗ, ಕಂಪನಿ, ಪರದೆ, ಕತ್ತರಿಸಿದ ವಿಡಿಯೋ, ಇದರಲ್ಲಿ ಅತ್ತೆಯ ತಪ್ಪೇನಿದೆ ಆಂಟಿ ಅಂತ ಕೂಗಬೇಕು ಅನ್ನಿಸಿತು. ಅತ್ತೆ ನನ್ನ ಮೊಣಕೈ ಒತ್ತಿದಳು.

"ಮನೇಲಿ ಕಾಲು ಹಿಡಿಯೋರು ಯಾರೂ ಇಲ್ಲ ಅಂತಿದ್ದೆ," ಎಂದಳು. "ನನ್ನ ಕೋಣೆ ಮಧ್ಯಾಹ್ನ ಖಾಲಿ ಇರುತ್ತೆ. ಅಷ್ಟೇ ಹೇಳೋಕೆ ಬಂದಿದ್ದು."

ಪೋಸ್ಟಮ್ಮ ಹಿಂದಿನವರ ಪಾರ್ಸೆಲ್ಲಿಗೆ ಕೈ ಚಾಚಿದರು. ನಾವು ಹೊರಗೆ ಬಂದೆವು. ಬರುವುದಿಲ್ಲ ಬಿಡು, ಎಂದೆ ನಾನು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಬಂದರು. ಮರುದಿನ ಅಲ್ಲ, ಮುಂದಿನ ವಾರ. ಊಟದ ಬಿಡುವಿನಲ್ಲಿ ಕಾಲೆಳೆದುಕೊಂಡು ಬಂದು ಬಾಗಿಲಲ್ಲೇ ನಿಂತು ಹೇಳಿದರು: "ನಿನ್ನ ಮಾತು ಕೇಳಿ ಬಂದಿಲ್ಲ. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ, ಅಲ್ಲಿ ಬೈದ್ರು, ಅದಕ್ಕೆ ಬಂದೆ."

"ಸರಿ," ಎಂದಳು ಅತ್ತೆ. ಕುರ್ಚಿಯನ್ನು ಗೋಡೆಗೆ ತಳ್ಳಿ, ನೆಲದ ಮೇಲಿನ ಕೂದಲು ಗುಡಿಸಿ, ಎರಡು ಟವೆಲ್ ಹಾಸಿದಳು. ಪೋಸ್ಟಮ್ಮ ನನ್ನ ಭುಜ ಹಿಡಿದು ಕೆಳಗೆ ಕೂತು, ಆಮೇಲೆ ಮಲಗಿದರು. ಮಂಡಿ ನಿಜವಾಗಿಯೂ ಭಯವಾಗುವ ಹಾಗೆ ಊದಿತ್ತು. ಕಾಲು ನೇರ ಮಾಡಿ ಎತ್ತಿದರು. ಒಂದು ಗೇಣು ಎತ್ತುವಷ್ಟರಲ್ಲಿ ಕಾಲು ನಡುಗತೊಡಗಿತು, ಹಣೆಯಲ್ಲಿ ಬೆವರು.

"ಇನ್ನೊಂಚೂರು ಮೇಲೆ," ಎಂದಳು ಅತ್ತೆ. "ಆಗುತ್ತೆ ಕಣೇ, ನಾನು ಹೇಳ್ತೀನಲ್ಲ..."

"ನೀನು ಏನೂ ಹೇಳ್ಬೇಡ," ಎಂದರು ಪೋಸ್ಟಮ್ಮ ಹಲ್ಲು ಕಚ್ಚಿ. "ಹಿಡ್ಕೋ. ಅಷ್ಟೇ."

ಅತ್ತೆ ಬಾಯಿ ಮುಚ್ಚಿದಳು. ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಅವರ ಹಿಮ್ಮಡಿ ಹಿಡಿದುಕೊಂಡಳು.